ಹೆಂಡದ ರುಚಿ ಹೇಳಿಕೊಟ್ಟ ದಾಸಮ್ಮ

“ಗುಟುಕ್ಕಂತ ನುಂಗ್ಬ್ಯಾಡ ಕಣ್ಲಾ. ನುಂಗಾದು ಗಂಟ್ಲು ಕೆಲ್ಸ, ಕುಡಿಯಾದು ನಾಲ್ಗೆ ಕೆಲ್ಸ. ಕಲಗಚ್ಚಿಗೆ ಮೂತಿ ಇಕ್ಕಿದ ಎಮ್ಮೆ ಅಂಗೆ ಸೊರ್ ಅಂತ ಎಳ್ಕೊಂಡ್ರೆ ನಾನು ಬೆಳಗ್ಗೆ ಎದ್ದು ಅಷ್ಟು ಗಡಿಗೆ ರುಚಿ ನೋಡಿದ್ದು ಯಾವ ಸೌಭಾಗ್ಯಕ್ಕೆ? ದೊನ್ನೆ ಕೈಗೆ ತಕಾ. ಮೊದ್ಲು ನೊರೆ ನೋಡು. ಸಾಸಿವೆ ಕಾಳಂಗೆ ಸಣ್ಣ ನೊರೆ ಇದ್ರೆ ಹೆಂಡಕ್ಕೆ ಇನ್ನೂ ಜೀವ ಐತೆ ಅಂತ. ದೊಡ್ಡ ದೊಡ್ಡ ಗುಳ್ಳೆ ಎದ್ದು ಪಟಪಟ ಒಡದ್ರೆ ಯಾರೋ ನೀರು ತೋರ್ಸವ್ರೆ ಅಂತ. ಆಮ್ಯಾಲೆ ಮೂಗು ತತ್ತಾ. ನಗ್ಬ್ಯಾಡ, ಮೂಗು ಇರಾದು ಸಿಂಬ್ಳ ಸುರ್ಸಕ್ಕೆ ಮಾತ್ರ ಅಲ್ಲ. ಹಲಸಿನ ತೊಳೆ ವಾಸ್ನೆ ಬಂದ್ರೆ ಬೆಳಗಿನ ಹೆಂಡ. ಹುಳಿ ಹಿಟ್ಟಿನ ವಾಸ್ನೆ ಬಂದ್ರೆ ಮಧ್ಯಾಹ್ನದ್ದು. ಮೂಗು ಸುಟ್ರೆ ನೆನ್ನೇದು; ನೆನ್ನೇದನ್ನ ಮನೇಗೆ ತಕೊಂಡೋಗಿ ಹುಣಸೆಹಣ್ಣಿನ ಬದ್ಲು ಸಾರಿಗೆ ಆಕು. ಈಗ ಒಂದು ಗುಟುಕು ಬಾಯಿಗೆ ಬುಡು. ಬುಟ್ಟು ಸುಮ್ಕಿರು. ನಾಲ್ಗೆ ತುದೀಲಿ ಸಿಹಿ, ಅಂಚಲ್ಲಿ ಹುಳಿ, ಕೊನೇಗೆ ಗಂಟ್ಲತ್ರ ಒಂಚೂರು ಒಗರು. ಮದ್ವೆಮನೆ ಪಂಕ್ತೀಲಿ ಬಡಿಸ್ದಂಗೆ ಒಂದಾದ ಮ್ಯಾಲೊಂದು ಬರ್ಬೇಕು. ಮೂರೂ ಬಂತಾ? ಈಗ ನುಂಗು. ಇನ್ನ ಹೇಳು, ಇದು ಹಳ್ಳದ ಮರದ್ದೋ ಮರಡಿ ಮರದ್ದೋ? ಗೊತ್ತಿಲ್ವಾ? ಅಂಗಾರೆ ಇನ್ನೊಂದು ಗುಟುಕು ತಕಾ. ಗೊತ್ತಾಗೋಗಂಟ ನಿಧಾನಕ್ಕೆ ಕುಡಿ. ನಿಧಾನಕ್ಕೆ ಕುಡ್ದೋನು ನಡ್ಕೊಂಡು ಮನೇಗೋಯ್ತಾನೆ. ದಡಬಡ ಕುಡ್ದೋನ್ನ ಹೆಂಡ್ತಿ ಎಳ್ಕೊಂಡೋಯ್ತಾಳೆ.”

ಬುಕ್ಕಾಪಟ್ಟಣದಿಂದ ಮೈಲಿ ದೂರದಲ್ಲಿ, ಹಳ್ಳದ ದಂಡೆಯ ಮೇಲಿದ್ದ ಈಚಲು ಹೆಂಡದ ಅಂಗಡಿಯಲ್ಲಿ ಕುಳಿತು ದಾಸಮ್ಮ ಈ ಮಾತನ್ನು ಎಷ್ಟು ಸಲ ಹೇಳಿದ್ದಳೋ ಅವಳಿಗೇ ಗೊತ್ತಿಲ್ಲ. ಹೇಳಿ ಹೇಳಿ ಅವಳ ದವಡೆ ಸೋತಿತ್ತು. ಕೊನೆಕೊನೆಗೆ, ಹೊಸಬನೊಬ್ಬ ಚಪ್ಪರದೊಳಕ್ಕೆ ತಲೆ ತಗ್ಗಿಸಿ ಬಂದರೆ, ‘ಅಯ್ಯೋ ದೇವರೇ, ಇವನಿಗೂ ಮೊದಲಿನಿಂದ ಶುರು ಮಾಡಬೇಕಲ್ಲ’ ಎಂದು ಒಂದು ನಿಟ್ಟುಸಿರು ಬಿಟ್ಟು, ಆಮೇಲೆ ಮೊದಲಿನಿಂದಲೇ ಶುರು ಮಾಡುತ್ತಿದ್ದಳು.

ಅವಳ ತವರು ಪಾವಗಡದ ಕಡೆ. ಒಂದೇ ಮನೆಯಲ್ಲಿ ಅಪ್ಪ ಕನ್ನಡ, ಅವ್ವ ತೆಲುಗು ಆಡುವ ಸೀಮೆ. ಅಪ್ಪ ಈಚಲ ಮರ ಹತ್ತುತ್ತಿದ್ದ ಈಡಿಗ. ಅವರ ಮನೆಗಳಲ್ಲಿ ಒಂದು ಕಟ್ಟಳೆ ಇತ್ತು. ಮರ ಹತ್ತಿ ಗಡಿಗೆ ಇಳಿಸಿದವನು ತಾನೇ ಅದರ ರುಚಿ ನೋಡಬಾರದು. ತಾನು ಕೆತ್ತಿದ ಮರದ ಮೇಲೆ ಗಂಡಸಿಗೆ ಮೋಹ ಇರುತ್ತದೆ, ಹುಳಿಯಾಗಿದ್ದರೂ ಸಿಹಿ ಅನ್ನುತ್ತಾನೆ. ಆದ್ದರಿಂದ ನಾಲಿಗೆ ಹಚ್ಚುವ ಕೆಲಸ ಮನೆಯ ಹೆಂಗಸಿನದು. ಒಂದೊಂದು ಗಡಿಗೆಯಿಂದಲೂ ಒಂದು ಹನಿ ನಾಲಿಗೆಗೆ ಹಚ್ಚಿ, ಉಗಿದು, ಆಮೇಲೆ ಅದು ದೊಡ್ಡ ಬಾನಿಗೆ ಬೀಳಬೇಕೋ ಬೇಡವೋ ಎಂದು ಅವಳು ಹೇಳಬೇಕು. ಒಂದು ಕೆಟ್ಟ ಗಡಿಗೆ ಬಾನಿಗೆ ಬಿದ್ದರೆ ಇಡೀ ದಿನದ ಹೆಂಡ ಕೆಟ್ಟಿತು. ಎಂಟು ವರ್ಷದವಳಿದ್ದಾಗ ಅವಳ ಅವ್ವ ಮೊದಲ ಹನಿ ಹಚ್ಚಿ ಹೇಳಿದ್ದಳು: “ನಾಲಿಕ ಮೀದ ಪೆಟ್ಟು, ಮಿಂಗೊದ್ದು.” ನಾಲಿಗೆ ಮೇಲೆ ಇಟ್ಟುಕೋ, ನುಂಗಬೇಡ. ದಾಸಮ್ಮ ಜೀವಮಾನದಲ್ಲಿ ಕಲಿತ ಓದು ಅಷ್ಟೇ. ಅಕ್ಷರ ಅವಳಿಗೆ ಬರುತ್ತಿರಲಿಲ್ಲ.

ಎಪ್ಪತ್ತೊಂದನೇ ಇಸವಿಯಲ್ಲಿ ಮದುವೆಯಾಗಿ ಬುಕ್ಕಾಪಟ್ಟಣದ ಕಡೆಗೆ ಬಂದಳು. ಗಂಡ ಕಾಡಸಿದ್ದಪ್ಪ ಮಾತು ಕಡಿಮೆಯ ಮನುಷ್ಯ. ಮರದ ಮೇಲಿದ್ದರೆ ಸಿಳ್ಳೆ ಹಾಕುತ್ತಿದ್ದ, ನೆಲಕ್ಕಿಳಿದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಅಂಗಡಿಯಲ್ಲಿ ಹೆಂಡ ಹುಯ್ಯುತ್ತಿದ್ದವಳು ಅತ್ತೆ ಈಶ್ವರಮ್ಮ. ಸೊಸೆ ಬಂದ ಮೇಲೆ ಅತ್ತೆ ಹುಯ್ಯುವ ತೆಂಗಿನ ಚಿಪ್ಪನ್ನು ಅವಳ ಕೈಗೆ ಕೊಟ್ಟು ತಾನು ಪಕ್ಕದಲ್ಲಿ ಎಲೆಯಡಿಕೆ ಹಾಕಿಕೊಂಡು ಕುಳಿತಳು.

ಮೊದಮೊದಲು ದಾಸಮ್ಮ ತಲೆ ಎತ್ತಿ ಯಾರನ್ನೂ ನೋಡುತ್ತಿರಲಿಲ್ಲ. ಒಂದು ದಿನ ಚಳಿಗಾಲದಲ್ಲಿ ನೋಡಿದಳು. ನೋಡಿ ಅವಳಿಗೆ ಬೇಜಾರಾಯಿತು. ಮೂವತ್ತು ಗಡಿಗೆಗೆ ನಾಲಿಗೆ ಹಚ್ಚಿ, ಮೂರನ್ನು ಬೇಡವೆಂದು ಚೆಲ್ಲಿಸಿ, ಹಳ್ಳದ ಮರದ್ದನ್ನು ಬೇರೆ, ಮರಡಿಯ ದಿಣ್ಣೆಯ ಮರದ್ದನ್ನು ಬೇರೆ ಇಟ್ಟು ತಂದ ಹೆಂಡವನ್ನು ಈ ಗಂಡಸರು ಕಣ್ಣು ಮುಚ್ಚಿ, ಮೂಗು ಹಿಂಡಿ, ಭೇದಿಗೆ ಔಷಧಿ ಕುಡಿದ ಹಾಗೆ ಕುಡಿಯುತ್ತಿದ್ದರು. ಮೂರು ದಿನ ಮರೆತು ಮೂಲೆಯಲ್ಲಿಟ್ಟಿದ್ದ ಹುಳಿ ಗಡಿಗೆಯಿಂದ ಬೇಕೆಂದೇ ಒಬ್ಬನಿಗೆ ಹುಯ್ದಳು. ಅವನು ಮೀಸೆ ಒರೆಸಿಕೊಂಡು, “ಇವತ್ತು ಪಸಂದಾಗೈತೆ ಕಣಮ್ಮ” ಅಂದ.

ಮಾರನೆಯ ದಿನ ಅವಳು ಮುತ್ತುಗದ ಎಲೆಯ ಮೂರು ದೊನ್ನೆ ಸಾಲಾಗಿ ಇಟ್ಟಳು. ಒಂದರಲ್ಲಿ ಹಳ್ಳದ್ದು, ಒಂದರಲ್ಲಿ ಮರಡಿಯದು, ಇನ್ನೊಂದರಲ್ಲಿ ಕೆರೆಯ ಅಂಗಳದ್ದು. “ಯಾವುದು ಯಾವ ಮರದ್ದು ಅಂತ ಹೇಳಿದೋರಿಗೆ ಇನ್ನೊಂದು ದೊನ್ನೆ ಪುಕ್ಕಟೆ” ಅಂದಳು.

ಈಶ್ವರಮ್ಮ ಎಲೆಯಡಿಕೆ ಉಗಿದಳು. “ಏನೇ ಇದು? ಕುಡಿಯೋಕೆ ಬಂದೋರಿಗೆ ಇಸ್ಕೂಲ್ ತೆಗೀತೀಯಾ? ನಾಳೆ ಸಿಲೇಟು ಬಳಪ ತಕೊಂಡ್ ಬರ್ರಿ ಅಂತ ಹೇಳ್ಬುಡು.”

“ಅಲ್ಲತ್ತೆ, ಗೊತ್ತಿಲ್ದಲೆ ಕುಡೀತಾರಲ್ಲ.”

“ಗೊತ್ತಿದ್ರೆ ಯಾಕೇ ಕುಡೀತಾರೆ ಮುಂಡೇದೇ!”

ಆದರೂ ಗಂಡಸರಿಗೆ ಆಟ ಹಿಡಿಸಿತು. ತಪ್ಪು ಹೇಳಿದವನನ್ನು ಉಳಿದವರು ಗೇಲಿ ಮಾಡುವುದು, ಅವನು ರೋಷಕ್ಕೆ ಬಿದ್ದು ಮತ್ತೆ ಬಾಯಿಗಿಟ್ಟುಕೊಳ್ಳುವುದು, ಹೀಗೆ ಸುರುವಾಗಿ, ವರ್ಷ ಎರಡು ವರ್ಷದಲ್ಲಿ ಆ ಚಪ್ಪರ ಬೇರೆಯದೇ ಆಯಿತು. ಬೆಳಗಿನ ಹೆಂಡಕ್ಕೆ ನೆನೆಸಿದ ಕಡಲೆಕಾಳು, ಮಧ್ಯಾಹ್ನದ್ದಕ್ಕೆ ಹುರುಳಿ ಗುಗ್ಗರಿ, ಸಂಜೆಯ ಹುಳಿಗೆ ಸುಟ್ಟ ಒಣಮೀನು, ಯಾವುದಕ್ಕೆ ಯಾವುದು ಎಂಬುದೂ ಅವಳ ಪಾಠದಲ್ಲಿ ಸೇರಿತು. ಖಾರದ ಬೋಟಿ ತಿಂದು ಬಂದವನಿಗೆ ಅವಳು ಹೆಂಡ ಹುಯ್ಯುತ್ತಿರಲಿಲ್ಲ. “ನಾಲ್ಗೆ ಸುಟ್ಕೊಂಡು ಬಂದಿದೀಯ, ನಿಂಗೆ ಹೆಂಡ ಯಾಕೆ, ಹಳ್ಳದ ನೀರು ಕುಡಿ ಓಗು” ಅನ್ನುತ್ತಿದ್ದಳು. ತಲೆಗೆ ಟವಲು ಮುಚ್ಚಿಕೊಂಡು ಕದ್ದು ಬರುತ್ತಿದ್ದ ಮೇಷ್ಟ್ರು ಚಿಕ್ಕರಂಗಯ್ಯ ಒಂದು ದಿನ ಹೇಳಿದರು: “ಇಪ್ಪತ್ತು ವರ್ಷ ಮಗ್ಗಿ ಹೇಳ್ಕೊಟ್ಟೆ ಕಣಮ್ಮ, ಒಬ್ಬನಾದ್ರೂ ಇಷ್ಟು ಬಾಯಿ ಬಿಟ್ಕೊಂಡು ಕೇಳ್ಲಿಲ್ಲ.” ಅಂದಿನಿಂದ ಅವಳಿಗೆ ಮೇಷ್ಟ್ರಮ್ಮ ಎಂದು ಹೆಸರು ಬಿತ್ತು.

ಬೋರಣ್ಣ ಬಂದದ್ದು ಎಪ್ಪತ್ತಾರರ ಸುಗ್ಗಿಯ ಹೊತ್ತಿಗೆ. ದನ ಮೇಯುವ ಕಾವಲಿನ ಅಂಚಿನ ಗೊಲ್ಲರ ಹಟ್ಟಿಯವನು, ಇಪ್ಪತ್ತೆರಡರ ಪ್ರಾಯ, ಹೆಗಲ ಮೇಲೆ ಕಂಬಳಿ, ಮೈಯೆಲ್ಲ ಆಡಿನ ವಾಸನೆ. ಮೂರು ದೊನ್ನೆಯಿಂದ ಒಂದೊಂದು ಗುಟುಕು ಹೀರಿ ಮೂರನ್ನೂ ಸರಿಯಾಗಿ ಹೇಳಿದ. ಆಮೇಲೆ ಹುಬ್ಬು ಗಂಟಿಕ್ಕಿ, “ಈ ನಡೂಲದು ಎರಡು ಮರದ್ದು ಕೂಡ್ಸೀರಿ. ಒಂದು ಮರ ಮುದುಕ, ಇನ್ನೊಂದು ಎಳೇದು” ಅಂದ.

ದಾಸಮ್ಮ ಗಂಡನ ಕಡೆ ನೋಡಿದಳು. ಕಾಡಸಿದ್ದಪ್ಪ ಹೌದೆಂದು ತಲೆಯಾಡಿಸಿದ.

“ಹೆಂಗ್ಲಾ ಗೊತ್ತಾಯ್ತು ನಿಂಗೆ?”

“ಹಟ್ಟೀಲಿ ಹಾಲು ಕುಡ್ದು ಆಡು ಎಲ್ಲಿ ಮೇಯ್ದಿತ್ತು ಅಂತ ಹೇಳ್ತೀವಲ್ಲಕ್ಕ. ಕಕ್ಕೆ ಸೊಪ್ಪು ತಿಂದಿದ್ರೆ ಒಂದು, ಜಾಲಿಕಾಯಿ ತಿಂದಿದ್ರೆ ಒಂದು. ಇದೂ ಹಾಲೇ ಅಲ್ವಾ, ಮರದ್ದು.”

ಅವಳ ನಾಲಿಗೆಗೆ ಜೊತೆಯಾಗಿ ಇನ್ನೊಂದು ನಾಲಿಗೆ ಈ ಸೀಮೆಯಲ್ಲಿ ಸಿಕ್ಕಿದ್ದು ಅದೇ ಮೊದಲು, ಅದೇ ಕೊನೆ. ಬೋರಣ್ಣ ಮರಗಳಿಗೆ ಆಡಿಗೆ ಇಟ್ಟ ಹಾಗೆ ಹೆಸರಿಟ್ಟ. ಹಳ್ಳದ ಬಾಗಿದ ಮರ ಕುಂಟಿ, ಮರಡಿಯ ಕಪ್ಪು ಮರ ಕರಿಯ, ಮುಳ್ಳು ಚುಚ್ಚುವ ಮರ ಹಾಯೋಳು. “ಇವತ್ತು ಕುಂಟಿ ಸ್ವಲ್ಪ ಮುನಿಸ್ಕೊಂಡವಳೆ” ಎಂದು ಅವನು ಅಂದರೆ ಕಾಡಸಿದ್ದಪ್ಪ ಆ ಮರಕ್ಕೆ ನಾಲ್ಕು ದಿನ ಬಿಡುವು ಕೊಡುತ್ತಿದ್ದ. ಬೋರಣ್ಣ ದಿನಕ್ಕೆ ಎರಡು ದೊನ್ನೆ ಕುಡಿಯುತ್ತಿದ್ದ, ಮೂರನೆಯದು ಮುಟ್ಟುತ್ತಿರಲಿಲ್ಲ. ದಾಸಮ್ಮನಿಗೆ ಗಂಟಲು ಕಟ್ಟಿದ ದಿನ ಹೊಸಬರಿಗೆ ಪಾಠ ಹೇಳುವುದು ಅವನೇ. ಮದುವೆಯಾದ ಮೇಲೆ ಹೆಂಡತಿ ಜುಂಜಮ್ಮನನ್ನು ಕರೆದುಕೊಂಡು ಬಂದು, “ನೋಡು, ಇವಳೇ ನಮ್ಮ ಮೇಷ್ಟ್ರಮ್ಮ” ಎಂದು ತೋರಿಸಿದ. ಜುಂಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಎಲ್ಲರ ಗಂಡಂದ್ರೂ ಕುಡ್ದು ಬಯ್ತಾರೆ, ನನ್ನ ಗಂಡ ಕುಡ್ದು ಮರದ ಸುದ್ದಿ ಹೇಳ್ತಾನೆ ಕಣಕ್ಕ!”

ಎಂಬತ್ಮೂರರ ಹರಾಜಿನಲ್ಲಿ ಅಂಗಡಿಯ ಗುತ್ತಿಗೆ ಬೇರೆಯವರಿಗೆ ಆಯಿತು. ಹೊಸ ಗುತ್ತಿಗೆದಾರನ ಮುಖವನ್ನು ದಾಸಮ್ಮ ನೋಡಲೇ ಇಲ್ಲ. ಅವನ ಕಡೆಯಿಂದ ಬರುತ್ತಿದ್ದವನು ಏಜೆಂಟ್ ಜಯರಾಮಯ್ಯ, ಯಾವಾಗಲೂ ಕಂಕುಳಲ್ಲಿ ಒಂದು ಚರ್ಮದ ಚೀಲ ಇಟ್ಟುಕೊಂಡಿರುವ ಆಸಾಮಿ. ಮರ ಹತ್ತಿಸುವುದು ನಿಂತಿತು. ಎಲ್ಲಿಂದಲೋ ಟೆಂಪೋದಲ್ಲಿ ಹೆಂಡದ ಡ್ರಮ್ಮು ಬರತೊಡಗಿತು. ಕಾಡಸಿದ್ದಪ್ಪ ಮರ ಬಿಟ್ಟು ಡ್ರಮ್ಮು ಉರುಳಿಸುವ ಕೂಲಿಯಾದ. ಮರಡಿಯಲ್ಲಿ ತಮ್ಮದೇ ಬದುವಿನ ಮೇಲಿದ್ದ, ಕರಿಯನೂ ಸೇರಿದ ನಾಲ್ಕು ಮರಗಳಿಗೆ ಮಾತ್ರ ಮನೆಯ ಮಟ್ಟಿಗೆ ಗಡಿಗೆ ಕಟ್ಟುತ್ತಿದ್ದ. ಸಿಳ್ಳೆ ನಿಂತುಹೋಗಿತ್ತು.

ಮೊದಲ ಡ್ರಮ್ಮಿಗೆ ದಾಸಮ್ಮ ಅಭ್ಯಾಸದಂತೆ ನಾಲಿಗೆ ಹಚ್ಚಿದಳು. ನಾಲಿಗೆಯ ತುದಿ ಮರಗಟ್ಟಿತು. ಸಿಹಿ ಇತ್ತು, ಆದರೆ ಮರದ ಸಿಹಿಯಲ್ಲ. ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಕೊಡುವ ಸಿಹಿ. ಅದರ ಹಿಂದಿನಿಂದ ಒಂದು ಕಹಿ ಬಂದು ಗಂಟಲಲ್ಲಿ ಕುಳಿತುಬಿಟ್ಟಿತು, ಎರಡು ಸಲ ಬಾಯಿ ಮುಕ್ಕಳಿಸಿದರೂ ಏಳಲಿಲ್ಲ.

“ಏನು ಹಾಕವ್ರೆ ಸ್ವಾಮಿ ಇದ್ಕೆ?”

“ನೀನು ಹುಯ್ಯಮ್ಮ ಸಾಕು” ಅಂದ ಜಯರಾಮಯ್ಯ. “ರುಚಿ ನೋಡಾಕೆ ಬೇರೆಯೋರು ಅವ್ರೆ.”

ಬಿಟ್ಟು ಹೋಗೋಣ ಅಂದರೆ ಇಬ್ಬರ ಕೂಲಿಯೂ ಆ ಚಪ್ಪರದ ಕೆಳಗೇ ಇತ್ತು. ಅವಳು ಉಳಿದಳು. ಉಳಿದು, ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದಳು. ಏಜೆಂಟ್ ಅತ್ತ ಹೋದ ಕೂಡಲೇ ಬಂದವರಿಗೆಲ್ಲ ಹೇಳಿಕೊಟ್ಟಳು: ನೋಡು, ನೊರೆ ನಿಲ್ಲುತ್ತಿಲ್ಲ. ನೋಡು, ನಾಲಿಗೆ ತುದಿ ಜುಮ್ಮೆನ್ನುತ್ತದೆ. ಕಹಿ ಎಲ್ಲಿ ಕೂರುತ್ತದೆ ನೋಡಿಕೋ. ಇದರಲ್ಲಿ ಏನೋ ಬಿಳಿ ಪುಡಿ ಬಿದ್ದಿದೆ, ಇದು ಹೆಂಡವಲ್ಲ. ಗೊತ್ತಾದರೆ ಬಿಡುತ್ತಾರೆ ಎಂದು ಅವಳು ನಂಬಿದ್ದಳು. ನಾಲಿಗೆಗೆ ಕೆಟ್ಟದ್ದು ಗೊತ್ತಾದ ಮೇಲೆ ಯಾರಾದರೂ ಅದನ್ನು ನುಂಗುತ್ತಾರೆಯೇ?

ಅವರು ಚೆನ್ನಾಗಿ ಕಲಿತರು. ಹತ್ತು ವರ್ಷ ಪಳಗಿದ ನಾಲಿಗೆಗಳು, ಎಂಟು ದಿನದಲ್ಲಿ ಕಲಿತವು. ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಒಬ್ಬ ದೊನ್ನೆ ತೆಗೆದುಕೊಂಡು, ನೊರೆ ನೋಡಿ, ಮೂಸಿ, ಒಂದು ಗುಟುಕು ನಾಲಿಗೆಯ ಮೇಲೆ ಇಟ್ಟುಕೊಂಡು, ಅವಳು ಕಲಿಸಿದ ಹಾಗೆಯೇ ಕಣ್ಣು ಮುಚ್ಚಿ ಯೋಚಿಸಿ, ಹೇಳಿದ:

“ಮೇಷ್ಟ್ರಮ್ಮ, ಇವತ್ತು ಪುಡಿ ಕಮ್ಮಿ ಆಗೈತೆ. ಇನ್ನೊಂದು ಡ್ರಮ್ಮಿಂದ ಹುಯ್ಯಿ.”

ಚಪ್ಪರದಲ್ಲಿದ್ದವರೆಲ್ಲ ಹೌದು ಹೌದು ಅಂದರು. ದಾಸಮ್ಮ ಹುಯ್ದಳು. ಕೈ ಹುಯ್ಯುತ್ತಿತ್ತು, ಅವಳು ಅಲ್ಲಿರಲಿಲ್ಲ. ಅವತ್ತಿನಿಂದ ಅವಳು ಯಾರಿಗೂ ಏನನ್ನೂ ಹೇಳಿಕೊಡಲಿಲ್ಲ.

ಬೋರಣ್ಣ ಮಾತ್ರ ಡ್ರಮ್ಮಿನದು ಮುಟ್ಟಿರಲಿಲ್ಲ. ಬದುವಿನ ಮರದ್ದರಲ್ಲಿ ಅವನಿಗೆಂದು ಒಂದು ಚೆಂಬು ಎತ್ತಿಡುತ್ತಿದ್ದಳು. ಆದರೆ ಮುಂದಿನ ವರ್ಷದ ಮಳೆಗಾಲದಲ್ಲಿ ಆಡುಗಳನ್ನು ಹೊಡೆದುಕೊಂಡು ತಾವರೆಕೆರೆ ಕಡೆ ಮೇವಿಗೆ ಹೋದವನು ಮೂರು ತಿಂಗಳು ಅಲ್ಲೇ ಉಳಿದ. ಅಲ್ಲಿಯ ಅಂಗಡಿಗೂ ಅದೇ ಡ್ರಮ್ಮು. ತಿರುಗಿ ಬಂದಾಗ ಅವನ ಕಣ್ಣು ಗುಳಿ ಬಿದ್ದಿತ್ತು. ಬದುವಿನ ಚೆಂಬನ್ನು ಅತ್ತ ಸರಿಸಿ, “ಡ್ರಮ್ಮಿಂದು ಕೊಡಕ್ಕ” ಅಂದ.

“ನೀನೂನಾ ಬೋರಣ್ಣ?”

“ಕೆಟ್ಟದ್ದು ಅಂತ ಗೊತ್ತು ಕಣಕ್ಕ. ನಿನಗಿಂತ ಚೆನ್ನಾಗಿ ಗೊತ್ತು. ಆದ್ರೆ ಕುಡೀದೆ ಇದ್ರೆ ಮೈಯೊಳಗೆ ಇರುವೆ ಹರೀತಾವೆ.”

ಎರಡು ದೊನ್ನೆಯವನು ಎಂಟು ದೊನ್ನೆಗೆ ಹೋದ. ಒಂದು ದಿನ ಮಂಪರಿನಲ್ಲಿ ಮಲಗಿದ್ದಾಗ ಹನ್ನೊಂದು ಆಡು ಕಾವಲಿನಲ್ಲಿ ದಿಕ್ಕಾಪಾಲಾದವು. ಜುಂಜಮ್ಮ ಬಂದು ಚಪ್ಪರದ ಕಂಬ ಹಿಡಿದುಕೊಂಡು ನಿಂತಳು. ಅವಳು ಬಯ್ಯಲಿಲ್ಲ, ಅದೇ ದಾಸಮ್ಮನಿಗೆ ಹೆಚ್ಚು ನೋವಾದದ್ದು.

“ಅಕ್ಕ, ಅವ್ನು ಕುಡಿಯೋದ ಕಲ್ತಿದ್ದು ನಿನ್ತಾವ. ಬುಡೋದನ್ನೂ ನೀನೇ ಕಲಿಸ್ಬುಡು.”

ದಾಸಮ್ಮ ಯೋಚಿಸಿದಳು. ಅವಳ ತವರಿನಲ್ಲಿ ಒಂದು ನಂಬಿಕೆ ಇತ್ತು: ಕೆಟ್ಟ ಹೆಂಡ ಹೊಟ್ಟೆಗೆ ಹೋದರೆ ಚೊಕ್ಕ ಹೆಂಡ ಕುಡಿಸು, ಅದು ತೊಳೆದುಕೊಂಡು ಹೋಗುತ್ತದೆ. ಬೋರಣ್ಣನನ್ನು ಕೂರಿಸಿ, ಗೊಲ್ಲರ ದೇವರು ಜುಂಜಪ್ಪನ ಮೇಲೆ ಆಣೆ ಹಾಕಿಸಿದಳು. ನಾಳೆಯಿಂದ ಡ್ರಮ್ಮಿನದು ಒಂದು ಹನಿಯೂ ಇಲ್ಲ. ಬದುವಿನದು ಎಷ್ಟು ಬೇಕಾದರೂ. ಅವನು ತಲೆ ತಗ್ಗಿಸಿ ಒಪ್ಪಿದ.

ಮೊದಲ ದಿನ ಬೆವರಿದ. ಎರಡನೆಯ ದಿನ ಕೈಯಲ್ಲಿದ್ದ ದೊನ್ನೆ ನಡುಗಿ ಎದೆಯ ಮೇಲೆಲ್ಲ ಚೆಲ್ಲಿಕೊಂಡ. ತೊಳೆಯುತ್ತಿದೆ ಅಂದುಕೊಂಡು ದಾಸಮ್ಮ ಇನ್ನಷ್ಟು ಚೊಕ್ಕದ್ದು ಕುಡಿಸಿದಳು. ಮೂರನೆಯ ದಿನ ಹಟ್ಟಿಯಲ್ಲಿ ಅವನು ಗೋಡೆಯ ಮೇಲೆ ತೋಳಗಳು ಹತ್ತುತ್ತಿವೆ ಎಂದು ಕಿರುಚಿ, ಕಲ್ಲು ತೆಗೆದು ಬೀಸಿ, ಕೊನೆಗೆ ಸೆಟೆದುಕೊಂಡು ಬಿದ್ದು ನಾಲಿಗೆ ಕಚ್ಚಿಕೊಂಡ. ಕೆಲವರು ಮೈಮೇಲೆ ದೇವರು ಬಂತು ಎಂದು ಕೈಮುಗಿದರು. ಅವನ ಅಣ್ಣ ಕ್ಯಾತಣ್ಣ ಕೈಮುಗಿಯಲಿಲ್ಲ. ನೆಟ್ಟಗೆ ಅಂಗಡಿಗೆ ಬಂದು, ಬದುವಿನ ಹೆಂಡದ ಗಡಿಗೆಯನ್ನು ಕಾಲಲ್ಲಿ ಒದ್ದು ಒಡೆದ.

“ಏನೇ ಕುಡ್ಸಿದೆ ನಮ್ಮ ಹುಡ್ಗನ್ಗೆ? ಊರೆಲ್ಲ ಡ್ರಮ್ಮಿಂದು ಕುಡ್ದು ಗಟ್ಟಿಮುಟ್ಟಾಗವ್ರೆ, ನಿನ್ನ ಚೊಕ್ಕ ಹೆಂಡ ಕುಡ್ದು ಇವ್ನು ಸಾಯ್ತಾವ್ನೆ! ಏನು ಬೆರೆಸ್ದೆ ಹೇಳು!”

ಕುಡಿಯುತ್ತಿದ್ದವರು ಯಾರೂ ಅವಳ ಪರ ಮಾತಾಡಲಿಲ್ಲ. ಒಬ್ಬ, “ನನಗೂ ಅವ್ರ ಬದುವಿನ ಮರದ ಮ್ಯಾಲೆ ಅನುಮಾನ ಇತ್ತು ಬುಡಣ್ಣ” ಎಂದೂ ಸೇರಿಸಿದ.

ಅವರೆಲ್ಲ ಹೇಳಿದ ಮೇಲೆ ದಾಸಮ್ಮನಿಗೂ ಅನುಮಾನ ಬಂತು. ಮನೆಗೆ ಹೋಗಿ ಉಳಿದ ಮೂರು ಗಡಿಗೆಗಳಿಗೂ ನಾಲಿಗೆ ಹಚ್ಚಿದಳು. ಚೊಕ್ಕವಾಗಿತ್ತು. ಉಗಿದು ಮತ್ತೆ ಹಚ್ಚಿದಳು. ಚೊಕ್ಕವಾಗಿಯೇ ಇತ್ತು. ಆದರೂ ಗಂಡನಿಗೆ, “ಮರ ಬಿಚ್ಬುಡು, ನಾಲ್ಕೂನೂ” ಅಂದಳು. ಕಾಡಸಿದ್ದಪ್ಪ ಹತ್ತಿ ಗಡಿಗೆ ಬಿಚ್ಚಿದ. ಇಳಿದ ಮೇಲೆ ಒಂದೇ ಮಾತು ಅಂದ: “ಮರದ ತಪ್ಪಲ್ಲ ಕಣೇ.”

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳೂ ಜುಂಜಮ್ಮನೂ ಬೋರಣ್ಣನನ್ನು ನಡುವೆ ಕೂರಿಸಿಕೊಂಡು ಸಿರಾಕ್ಕೆ ಹೋದರು. ಅಲ್ಲಿ ಒಬ್ಬ ಡಾಕ್ಟರರ ಹತ್ತಿರ ಕಾಂಪೌಂಡರ್ ಆಗಿದ್ದ ಖಲಂದರ್ ಸಾಬರು ವಯಸ್ಸಾದವರು. ಡಾಕ್ಟರು ನೋಡಿ ಸೂಜಿ ಚುಚ್ಚಿಸಿ ಒಳಗೆ ಹೋದ ಮೇಲೆ, ಅವರು ದಾಸಮ್ಮನನ್ನು ಪಕ್ಕಕ್ಕೆ ಕರೆದು ಎಲ್ಲ ಬಿಡಿಸಿ ಹೇಳಿದರು.

“ಅದು ನಿದ್ದೆ ಬರ್ಸೋ ದವಾ ಅಮ್ಮಾ. ಡ್ರಮ್ಮಲ್ಲಿ ಅದನ್ನೇ ಹಾಕ್ತಾರೆ. ಇವನ ಮೈಗೆ ಅದು ಆದತ್ ಆಗಿಬಿಟ್ಟಿದೆ, ಚಟ ಹಿಡಿದಿದೆ. ಏಕ್‌ದಂ ನಿಲ್ಲಿಸಿದ್ರಿ, ಅದಕ್ಕೇ ಹಿಂಗಾಗಿದ್ದು. ಇನ್ನೊಂದು ದಫಾ ಹಿಂಗೆ ಆದ್ರೆ ಉಳಿಯೋದು ಕಷ್ಟ. ದೊಡ್ಡ ಆಸ್ಪತ್ರೆಗೆ ಸೇರಿಸಿದ್ರೆ ಒಳ್ಳೇದು ಅಂದ್ರು ಡಾಕ್ಟ್ರು.”

ದೊಡ್ಡ ಆಸ್ಪತ್ರೆ ಅಂದ ಕೂಡಲೇ ಬೋರಣ್ಣ ಎದ್ದು ಬಾಗಿಲಿಗೆ ಹೋದ. ಜುಂಜಮ್ಮ ಅವನ ಕಂಬಳಿ ಹಿಡಿದು ಎಳೆದಳು.

“ಬರಲ್ಲ ಅಂತಾವ್ನೆ ಸಾಬರೇ. ಬೇರೆ ದಾರಿ ಇಲ್ವಾ?” ಎಂದು ಕೇಳಿದಳು ದಾಸಮ್ಮ.

ಖಲಂದರ್ ಸಾಬರು ಒಳಗೆ ಹೋಗಿ ಡಾಕ್ಟರನ್ನು ಕೇಳಿ ಬಂದರು. “ಒಂದೇ ದಾರಿ. ಅದೇ ಹೆಂಡ ಕೊಡಿ. ಆದ್ರೆ ದಿನಾ ಒಂಚೂರು ಕಮ್ಮಿ, ಒಂಚೂರು ಕಮ್ಮಿ. ಒಬ್ಬರೇ ಅಳೆದು ಕೊಡ್ಬೇಕು, ಕಣ್ಣು ಮುಂದೇನೇ ಕುಡಿಬೇಕು. ವಾರಕ್ಕೊಂದು ದಫಾ ಇಲ್ಲಿಗೆ ಕರ್ಕೊಂಡು ಬರ್ಬೇಕು. ನಿಮ್ಮ ಕೈಲಿ ಆಗ್ತದಾ?”

ಬಸ್ಸಿನಲ್ಲಿ ವಾಪಸು ಬರುವಾಗ ದಾಸಮ್ಮ ಕಿಟಕಿಯ ಕಂಬಿಗೆ ಹಣೆ ಇಟ್ಟುಕೊಂಡು ಕುಳಿತಳು. ಎಂಟನೆಯ ವಯಸ್ಸಿನಿಂದ ಅವಳು ಮಾಡಿಕೊಂಡು ಬಂದದ್ದು, ಕೆಟ್ಟದ್ದು ಒಳ್ಳೆಯದಕ್ಕೆ ಸೇರದ ಹಾಗೆ ನೋಡಿಕೊಳ್ಳುವ ಕೆಲಸ. ಈಗ ತನ್ನ ಕೈಯಾರೆ ಸೇರಿಸಬೇಕು.

ಕಾಡಸಿದ್ದಪ್ಪ ಮತ್ತೆ ನಾಲ್ಕೂ ಮರ ಕಟ್ಟಿದ. ಮಾರನೆಯ ದಿನದಿಂದ ದಾಸಮ್ಮ ಒಂದು ಬೇರೆ ಮಡಕೆಯಲ್ಲಿ ಬೆರೆಸತೊಡಗಿದಳು. ಮೊದಲ ದಿನ ಡ್ರಮ್ಮಿನದು, ದೊನ್ನೆಗೊಂದರಂತೆ, ಎಂಟು ಚಿಪ್ಪು. ಎರಡನೆಯ ದಿನವೂ ಎಂಟು. ಮೂರನೆಯ ದಿನ ಡ್ರಮ್ಮಿನದರಲ್ಲಿ ಕಾಲು ಚಿಪ್ಪು ತೆಗೆದು ಬದುವಿನದು ಕಾಲು ಚಿಪ್ಪು. ಬೆಳಿಗ್ಗೆ ಒಂದು ಪಾಲು, ಹೊತ್ತು ನೆತ್ತಿಗೆ ಬಂದಾಗ ಒಂದು, ಇಳಿಹೊತ್ತಿಗೆ ಒಂದು. ಜುಂಜಮ್ಮ ಅವನನ್ನು ಕರೆತಂದು ಎದುರಿಗೆ ಕೂರಿಸಿ, ಕುಡಿಸಿ, ಕರೆದುಕೊಂಡು ಹೋಗುತ್ತಿದ್ದಳು. ಡ್ರಮ್ಮುಗಳೂ ಒಂದೇ ಸಮ ಇರುತ್ತಿರಲಿಲ್ಲ. ಒಂದರಲ್ಲಿ ಪುಡಿ ಹೆಚ್ಚು, ಒಂದರಲ್ಲಿ ಕಡಿಮೆ. ಅದಕ್ಕಾಗಿ ದಾಸಮ್ಮ ಪ್ರತಿ ಡ್ರಮ್ಮಿಗೂ ನಾಲಿಗೆ ಹಚ್ಚಿ, ಅದು ಎಷ್ಟು ಹೊತ್ತು ಮರಗಟ್ಟುತ್ತದೆಂದು ಮನಸ್ಸಿನಲ್ಲೇ ಎಣಿಸಿ, ಅಳತೆ ಹೆಚ್ಚುಕಡಿಮೆ ಮಾಡುತ್ತಿದ್ದಳು. ಉಗಿದರೂ ತಲೆ ಭಾರವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅನ್ನದ ರುಚಿ ಸಹ ಗೊತ್ತಾಗುತ್ತಿರಲಿಲ್ಲ.

ಜಯರಾಮಯ್ಯ ಒಮ್ಮೆ ನೋಡಿ ನಕ್ಕ. “ಏನಮ್ಮ, ನಮ್ಮ ಸರಕು ಬ್ಯಾಡ ಅಂತಿದ್ದೆ, ಈಗ ಔಷಧಿ ಅಳ್ದಂಗೆ ಅಳ್ದು ಕೊಡ್ತಿದೀಯ?”

“ಹೂಂ ಸ್ವಾಮಿ” ಅಂದಳು. ಅವನೊಡನೆ ಜಗಳವಾಡುವಷ್ಟು ಶಕ್ತಿಯನ್ನು ಬೇರೆ ಕೆಲಸಕ್ಕೆ ಉಳಿಸಿಕೊಳ್ಳಬೇಕಾಗಿತ್ತು.

ತೊಡಕು ಬಂದದ್ದು ಏಳನೆಯ ದಿನ. ಬೋರಣ್ಣ ಒಂದು ಗುಟುಕು ಬಾಯಿಗಿಟ್ಟು, ದೊನ್ನೆ ಕೆಳಗಿಟ್ಟ.

“ಇವತ್ತು ಕಮ್ಮಿ ಮಾಡಿದೀಯ.”

“ಇಲ್ಲ ಕಣ್ಲಾ, ನೆನ್ನೆ ಅಷ್ಟೇ.”

“ಯಾರಿಗೆ ಹೇಳ್ತೀಯಕ್ಕ? ಕರಿಯನ ಹೆಂಡ ಕಾಲು ಚಿಪ್ಪು ಜಾಸ್ತಿ ಬಿದ್ದೈತೆ. ಡ್ರಮ್ಮಿಂದು ಅಷ್ಟೇ ಕಮ್ಮಿ ಆಗೈತೆ.” ಅವನ ಕೈ ಬೆರಳು ತಾಳ ಹಾಕುತ್ತಿದ್ದವು. ಕಮ್ಮಿ ಆಯಿತೆಂದು ಬಾಯಿಗೆ ತಿಳಿದ ಕೂಡಲೇ ಮೈಗೆ ಭಯ ಹತ್ತುತ್ತಿತ್ತು. “ನನ್ನ ಕೊಲ್ಬ್ಯಾಡಕ್ಕ. ಅವತ್ತಿನಂಗೆ ಮಾಡ್ಬ್ಯಾಡ.”

ಅವತ್ತು ಹೇಗೋ ಸಮಾಧಾನ ಮಾಡಿ ಕುಡಿಸಿದಳು. ಮಾರನೆಯ ದಿನ ಅವನು ಬರಲಿಲ್ಲ. ಬೇರೆ ಅಂಗಡಿಗೆ ಓಡಿದ್ದ. ಜುಂಜಮ್ಮ ಮತ್ತು ಕ್ಯಾತಣ್ಣ ಹಿಡಿದು ತಂದರು. ಇಳಿಸಿದ್ದ ಅಳತೆಯೆಲ್ಲ ಮತ್ತೆ ಎಂಟಕ್ಕೆ ಏರಿತು. ಏಳು ದಿನದ ಕೆಲಸ ನೀರು ಪಾಲು.

ಆ ದಿನ ಮಡಕೆ ತೊಳೆಯುತ್ತಿದ್ದಾಗ ದಾಸಮ್ಮನಿಗೆ ಹೊಳೆಯಿತು. ಅಡ್ಡ ನಿಂತಿರುವುದು ಪುಡಿಯಲ್ಲ, ಅವನ ನಾಲಿಗೆ. ಆ ನಾಲಿಗೆಗೆ ಸಾಣೆ ಹಿಡಿದವಳು ತಾನು. ಅದು ಹರಿತವಾಗಿರುವಷ್ಟು ದಿನ ಅವನು ಉಳಿಯುವುದಿಲ್ಲ.

ಬೆಳಿಗ್ಗೆ ಜುಂಜಮ್ಮ ಬಂದಾಗ ಕೇಳಿದಳು, “ಬೋಟಿ ಮಾಡಾಕೆ ಬತ್ತೈತಾ ನಿಂಗೆ? ಖಾರ ಹೆಂಗೆ ಹಾಕ್ಬೇಕು ಅಂದ್ರೆ, ತಿಂದೋನ ಕಣ್ಣಲ್ಲಿ ನೀರು ಬರ್ಬೇಕು. ಮೂರೊತ್ತೂ ಮೊದ್ಲು ಅದ ತಿನ್ಸು, ಆಮ್ಯಾಲೆ ಇಲ್ಲಿಗೆ ಕರ್ಕೊಂಡ್ ಬಾ. ಜೊತೇಗೆ ಹೊಗೆಸೊಪ್ಪು ಬಾಯ್ಗೆ ಇಕ್ಕು.”

“ನೀನೇ ಬ್ಯಾಡ ಅಂತಿದ್ದಲ್ಲಕ್ಕ, ನಾಲ್ಗೆ ಸುಟ್ಟೋಯ್ತದೆ ಅಂತ?”

“ಸುಟ್ಟೋಗ್ಲಿ.”

ಬೋರಣ್ಣ ಕಣ್ಣು ಮೂಗು ಸುರಿಸುತ್ತ, ತುಟಿ ಊದಿಸಿಕೊಂಡು ಬಂದು ಕುಡಿದ. ಒಂದು ವಾರ ಏನೋ ಹುಡುಕುವವನ ಹಾಗೆ ಗುಟುಕನ್ನು ಬಾಯಲ್ಲಿ ಆಡಿಸುತ್ತಿದ್ದ. ಆಮೇಲೆ ಆಡಿಸುವುದನ್ನು ಬಿಟ್ಟ. ದಾಸಮ್ಮ ಎದುರಿಗೆ ಕುಳಿತು ಅವನ ಗಂಟಲನ್ನೇ ನೋಡುತ್ತಿದ್ದಳು. ಒಂದು ದಿನ ಅವನು ಉಳಿದವರ ಹಾಗೆ ಕಣ್ಣು ಮುಚ್ಚಿ ಗುಟುಕ್ಕೆಂದು ನುಂಗಿದ. ಮಾರನೆಯ ದಿನ ಕಾಲು ಚಿಪ್ಪಿಗೆ ಬದಲು ಅರ್ಧ ಚಿಪ್ಪು ಇಳಿಸಿದಳು. ಅವನಿಗೆ ತಿಳಿಯಲಿಲ್ಲ.

ಐವತ್ತು ದಿನ ಅಂದುಕೊಂಡದ್ದು ಎಪ್ಪತ್ತಾಯಿತು. ನಡುವೆ ಎರಡು ಸಲ ಅವನಿಗೆ ನಡುಕ ಬಂತು, ಆಗ ನಾಲ್ಕು ದಿನ ಅಳತೆ ಇಳಿಸದೆ ನಿಲ್ಲಿಸಿದಳು. ವಾರಕ್ಕೊಮ್ಮೆ ಸಿರಾದ ಬಸ್ಸು, ಖಲಂದರ್ ಸಾಬರ “ಶಭಾಷ್ ಅಮ್ಮಾ, ಹಿಂಗೇ ನಡೀಲಿ.” ಚಪ್ಪರದಲ್ಲಿ ಯಾರಾದರೂ ತಮಾಷೆಗೆ, “ಮೇಷ್ಟ್ರಮ್ಮ, ಇವತ್ತೇನು ಪಾಠ ಇಲ್ವಾ?” ಅಂದರೆ, “ಇಸ್ಕೂಲ್‌ಗೆ ರಜ” ಎನ್ನುತ್ತಿದ್ದಳು. ಅವರಲ್ಲಿ ಇಬ್ಬರ ಹೆಂಡತಿಯರು ಜುಂಜಮ್ಮನ ಬಾಯಿಂದ ಸುದ್ದಿ ಕೇಳಿ ಬಂದು ನಿಂತರು. ನಮ್ಮವರಿಗೂ ಹೀಗೆ ಅಳೆದುಕೊಡು ಅಂದರು. ಒಬ್ಬರಿಗೇ ಇಷ್ಟು ಸವೆದಿದ್ದೇನೆ, ಇನ್ನಿಬ್ಬರಿಗೆ ನನ್ನ ಹತ್ತಿರ ನಾಲಿಗೆ ಎಲ್ಲಿದೆ ಎಂದು ಹೇಳಬೇಕೆನಿಸಿತು. ಆದರೆ “ಬೋರಣ್ಣಂದು ಮುಗೀಲಿ, ನೋಡಾನ” ಎಂದು ಕಳಿಸಿದಳು.

ಎಂಬತ್ತೈದರ ಬೇಸಿಗೆ ಸುರುವಾಗುವ ಹೊತ್ತಿಗೆ ಡ್ರಮ್ಮಿನದು ಒಂದು ಹನಿಯೂ ಇಲ್ಲದ ದಿನ ಬಂತು. ಬದುವಿನ ಮರದ್ದು ಬರೀ ಎರಡು ದೊನ್ನೆ, ಬೆಳಗಿನದು, ಸಾಸಿವೆ ಕಾಳಿನಂಥ ನೊರೆ. ಬೋರಣ್ಣ ಒಬ್ಬನೇ ನಡೆದು ಬಂದಿದ್ದ. ಜುಂಜಮ್ಮ ಆಡುಗಳನ್ನು ನೋಡಿಕೊಂಡು ಹಳ್ಳದ ಆಚೆ ನಿಂತಿದ್ದಳು. ಅವನು ಒಂದನ್ನು ಕುಡಿದು ಇಟ್ಟ. ಕೈ ಅಲುಗಲಿಲ್ಲ.

“ಹೆಂಗೈತ್ಲಾ?”

“ಇದ್ದಂಗೈತೆ.”

“ಏನೂ ಅನ್ನುಸ್ಲಿಲ್ವಾ?”

ಅವನು ಅವಳ ಮುಖ ನೋಡಿದ. ಆಮೇಲೆ ಖಾಲಿ ದೊನ್ನೆಯೊಳಗೆ ಒಮ್ಮೆ ಇಣುಕಿದ. “ತಣ್ಣಗೈತೆ” ಅಂದ. ಎರಡನೆಯ ದೊನ್ನೆಯನ್ನು ಮುಟ್ಟಲಿಲ್ಲ. “ನಾಳೆಯಿಂದ ಬರಾದಿಲ್ಲ ಕಣಕ್ಕ. ಆಡು ಮರಿ ಹಾಕೋ ಕಾಲ, ಕಾವಲಿಗೆ ಹೋಗ್ಬೇಕು. ಇನ್ನ ಇದು ನಂಗ್ಯಾಕೋ ಬ್ಯಾಡ ಅನ್ನುಸ್ತೈತೆ. ನೀನು ಬೇಜಾರು ಮಾಡ್ಕಬ್ಯಾಡ.”

“ಬೇಜಾರು ಯಾಕ್ಲಾ? ಓಗು. ಬಿಸ್ಲು ಏರ್ತೈತೆ.”

ಅವನು ಹಳ್ಳ ದಾಟಿ ಆಚೆ ಹತ್ತಿದ. ಜುಂಜಮ್ಮ ಅಲ್ಲಿಂದಲೇ ಎರಡೂ ಕೈ ಎತ್ತಿ ಮುಗಿದಳು. ದಾಸಮ್ಮ ತಲೆಯಾಡಿಸಿದಳು. ಉಳಿದಿದ್ದ ದೊನ್ನೆಯನ್ನು ಕೈಗೆ ತೆಗೆದುಕೊಂಡಳು. ಒಂದು ಹನಿ ನಾಲಿಗೆಗೆ ಹಚ್ಚಿದಳು. ಎಪ್ಪತ್ತು ದಿನ ಪುಡಿ ಹಚ್ಚಿಸಿಕೊಂಡ ನಾಲಿಗೆಗೆ ಮೊದಲು ಏನೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ದೂರದಲ್ಲಿ ಯಾರೋ ಕರೆದ ಹಾಗೆ, ಅಂಚಿನಲ್ಲಿ ಸಣ್ಣಗೆ ಹುಳಿ ಬಂತು. ದೊನ್ನೆಯನ್ನು ಬಾನಿಯ ಪಕ್ಕಕ್ಕೆ ಇಟ್ಟಳು.

ಚಪ್ಪರದ ಹಿಂದೆ ಆ ಇಬ್ಬರು ಹೆಂಗಸರು ಬಂದು ನಿಂತಿದ್ದರು. ಒಬ್ಬಳ ಕಂಕುಳಲ್ಲಿ ಕೂಸು.

“ಕುಂತ್ಕಳ್ರಮ್ಮ” ಅಂದಳು ದಾಸಮ್ಮ. “ನಾಳೆಯಿಂದ ನಿಮ್ಮ ಗಂಡಂದ್ರನ್ನ ಕರ್ಕೊಂಡ್ ಬರ್ರಿ. ಬೋಟಿ ತಿನ್ಸಿ ಕರ್ಕೊಂಡ್ ಬರ್ರಿ.”

ಆಮೇಲೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಖಾಲಿ ಗಡಿಗೆಗಳನ್ನು ಎರಡೆರಡಾಗಿ ಹಳ್ಳದ ನೀರಿನ ಹತ್ತಿರಕ್ಕೆ ಸಾಗಿಸಿದಳು. ಕಾಲು ಚಾಚಿ ಕಲ್ಲಿನ ಮೇಲೆ ಕುಳಿತು, ಒಂದು ಹಿಡಿ ಮರಳು, ಒಂದು ಹಿಡಿ ಒಣ ಹುಲ್ಲು ತೆಗೆದುಕೊಂಡು, ಮೊದಲನೆಯ ಗಡಿಗೆಯೊಳಕ್ಕೆ ಮೊಣಕೈವರೆಗೆ ಕೈಯಿಟ್ಟು ಉಜ್ಜತೊಡಗಿದಳು.